ಟಿಪ್ಪು ಮುಖ, ಭಾಗ 3: ಎಣ್ಣೆಬಣ್ಣದ ಸುಳ್ಳುಸಾಕ್ಷಿ

ನವೆಂಬರ್ ಬಂತು ಅಂದ್ರೆ ನಿಮ್ಮ ಸ್ಟೋರಿಗಳಲ್ಲಿ ಅದೇ ಮುಖ. ಕೆಲವರು ಹಿಂದೆ ಹುಲಿ ಗರ್ಜನೆ ಹಾಕ್ತೀರಿ. ಇನ್ನು ಕೆಲವರು ಕಣ್ಣಿಗೆ ಕೆಂಪು ಬಳಿದು "ಕ್ರೌರ್ಯ ಮುಖದಲ್ಲೇ ಕಾಣ್ತಿದೆ" ಅಂತೀರಿ. ಇಬ್ಬರ ಮೇಲೂ ನನ್ನ ತಕರಾರು ಒಂದೇ: ಆ ಮುಖ ಬರೆದವರು ಯಾರು ಅಂತ ಕೇಳಿದ್ದೀರಾ?

ಒಂದು ತೈಲಚಿತ್ರದ ಕೆಳಗೆ "ಜೊಫಾನಿ, 1780" ಅಂತ ಹಾಕಿ ಓಡಿಸ್ತಿದ್ದಾರೆ. ಜೊಫಾನಿ ಭಾರತಕ್ಕೆ ಬಂದಿದ್ದೇ 1783ರಲ್ಲಿ! ಇನ್ನು "ಟಿಪ್ಪುವಿನ ಅಸಲಿ ಫೋಟೋ" ಅಂತೂ ಬಿಡಿ. ಟಿಪ್ಪು ಸತ್ತದ್ದು 1799ರಲ್ಲಿ, ಆಗ ಕ್ಯಾಮೆರಾನೇ ಇರಲಿಲ್ಲ. ಆ ಫೋಟೋದಲ್ಲಿರೋದು ಜಾಂಜಿಬಾರ್‌ನ ಗುಲಾಮ ವ್ಯಾಪಾರಿ ಟಿಪ್ಪು ಟಿಪ್.

ನನಗೆ ನಿಜಕ್ಕೂ ಸಿಟ್ಟು ತರಿಸೋದು ಡೇವಿಡ್ ವಿಲ್ಕಿಯ ದೊಡ್ಡ ತೈಲಚಿತ್ರ. ಮುಗಿಸಿದ್ದು 1839ರಲ್ಲಿ, ಟಿಪ್ಪು ಸತ್ತು 40 ವರ್ಷ ಆದಮೇಲೆ. ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಬರೆಸಿದ್ದು ಜನರಲ್ ಬೇರ್ಡ್‌ನ ವಿಧವೆ. ಹಾಗಾಗಿ ಬೇರ್ಡ್ ಬೆಳಕಲ್ಲಿ ನೆಟ್ಟಗೆ ನಿಂತಿದ್ದಾನೆ, ಟಿಪ್ಪು ಕೆಳಗೆ ಹೆಣವಾಗಿ ಬಿದ್ದಿದ್ದಾನೆ. ಅದು ಬೇರ್ಡ್ ಮನೆಯವರು ದುಡ್ಡು ಕೊಟ್ಟು ಬರೆಸಿಕೊಂಡ ಹೊಗಳಿಕೆ. ಅದನ್ನೇ ಕತ್ತರಿಸಿ "ಟಿಪ್ಪು ಅಂತ್ಯ ಹೀಗಿತ್ತು" ಅಂತ ರೀಲ್ಸ್ ಮಾಡ್ತೀರಲ್ಲ, ಸ್ವಾಮಿ!

ಇದೇ ಬೇರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತವನು. ಆ ಯುದ್ಧದ ಚಿತ್ರ ನಮ್ಮ ದರಿಯಾ ದೌಲತ್‌ನ ಗೋಡೆ ಮೇಲಿದೆ. ಅಲ್ಲಿ ಕಂಪನಿ ಸೈನ್ಯ ಚಿಂದಿಯಾಗ್ತಿದೆ, ಟಿಪ್ಪು ಗುಲಾಬಿ ಮೂಸುತ್ತಾ ಆರಾಮಾಗಿದ್ದಾನೆ. ಹಾಂ, ಅದೂ ಪ್ರಚಾರವೇ, ಟಿಪ್ಪುವಿನ ಕಡೆಯದ್ದು. ಸಾಲದ್ದಕ್ಕೆ ಡಾಲ್‌ಹೌಸಿ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣ ಬಳಿಸಿದ್ದಾರೆ. ಆದ್ರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಒಂದರಲ್ಲಿ ಹೆಣ, ಇನ್ನೊಂದರಲ್ಲಿ ಗುಲಾಬಿ. ಯಾರು ದುಡ್ಡು ಕೊಟ್ಟರೋ ಅವರಿಗೆ ಬೇಕಾದ ಟಿಪ್ಪು.

ಜಗಳ ಆಡ್ಲೇಬೇಕಾ? ಆಡಿ, ಬೇಡ ಅನ್ನಲ್ಲ. ಶೃಂಗೇರಿ ಮಠಕ್ಕೆ ಅವನು ಬರೆಸಿದ ಪತ್ರಗಳಿವೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಾಖಲೆಗಳೂ ಇವೆ. ಎರಡನ್ನೂ ಓದಿ ಬನ್ನಿ, ಕಾಮೆಂಟ್‌ನಲ್ಲಿ ರಾತ್ರಿಯಿಡೀ ಕೂರೋಣ. ಮೂಗು, ಮೀಸೆ, ಕಣ್ಣು ತೋರಿಸಿ "ನೋಡಿದ್ರೇ ಗೊತ್ತಾಗುತ್ತೆ" ಅನ್ನೋರಿಗೆ ನಾನು ರಿಪ್ಲೈ ಮಾಡಲ್ಲ.

ಭಾಗ 4ರಲ್ಲಿ ಶೃಂಗೇರಿ ಪತ್ರಗಳು.

#ಟಿಪ್ಪುಮುಖ #ಶ್ರೀರಂಗಪಟ್ಟಣ #ದರಿಯಾದೌಲತ್