ಮಗುವಿನ ಮೈಗೆ ಕತ್ತರಿ: ಕಾನೂನು ತಡೆಯಬೇಕೇ?

ಗಂಡು ಹಾರ್ಮೋನಿಗೆ ದೇಹ ಸ್ಪಂದಿಸದ ಆಂಡ್ರೊಜೆನ್ ಇನ್‌ಸೆನ್ಸಿಟಿವಿಟಿ ಸಿಂಡ್ರೋಮ್, ಅಂದರೆ ಎಐಎಸ್, ಅಪರೂಪದ್ದು. ಎಕ್ಸ್‌ವೈ ವರ್ಣತಂತುಗಳೊಂದಿಗೆ ಹುಟ್ಟುವ 20,000ದಿಂದ 64,000 ಮಕ್ಕಳಲ್ಲಿ ಒಬ್ಬರಿಗೆ ಅದರ ಸಂಪೂರ್ಣ ರೂಪ ಇರುತ್ತದೆ. ಇಂಥ ದೇಹಸ್ಥಿತಿಗಳೊಂದಿಗೆ ಹುಟ್ಟುವ ಅಂತರಲಿಂಗಿ ಮಕ್ಕಳ ಲಿಂಗ ತಿದ್ದುವ ಶಸ್ತ್ರಚಿಕಿತ್ಸೆಯನ್ನು ತಮಿಳುನಾಡು 2019ರಲ್ಲಿ ನಿಷೇಧಿಸಿತು. ಕರ್ನಾಟಕಕ್ಕೂ ಅಂಥ ಕಾನೂನು ಬೇಕೇ? ಕೊಡಗಿನ ಸಿದ್ದಾಪುರದ ಇಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಬೇಕು, ತಡಮಾಡದೆ ಬೇಕು
*ನಿವೃತ್ತ ಶುಶ್ರೂಷಕಿ, ಸಿದ್ದಾಪುರ*

ಹೆಣ್ಣುಮಗುವಿನ ತೊಡೆಸಂದಿಯಲ್ಲಿ ಗಂಟು ಕಾಣಿಸುತ್ತದೆ. ಹರ್ನಿಯಾ ಎಂದು ಆಪರೇಷನ್ ಮಾಡಿದರೆ ಒಳಗೆ ವೃಷಣ ಸಿಗುತ್ತದೆ. ಇಲ್ಲವೇ, ಹದಿನಾರು ತುಂಬಿದರೂ ಹುಡುಗಿ ಮುಟ್ಟಾಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಗರ್ಭಕೋಶವೇ ಇಲ್ಲ, ವರ್ಣತಂತು ಪರೀಕ್ಷೆಯಲ್ಲಿ 46 ಎಕ್ಸ್‌ವೈ ಎಂದು ಬರುತ್ತದೆ. ಸಂಪೂರ್ಣ ಎಐಎಸ್ ಪತ್ತೆಯಾಗುವುದು ಹೆಚ್ಚಾಗಿ ಈ ಎರಡು ದಾರಿಗಳಲ್ಲೇ. ಆ ಗಳಿಗೆಯಿಂದ ಮನೆಯವರಿಗೆ ಒಂದೇ ಆತುರ: ನಾಲ್ಕು ಜನಕ್ಕೆ ಗೊತ್ತಾಗುವ ಮೊದಲು ತೆಗೆಸಿಬಿಡಬೇಕು. ನನ್ನ ವಾದವೆಲ್ಲ ಈ ಆತುರದ ವಿರುದ್ಧ.

ಆ ವೃಷಣಗಳು ಮಾಡುತ್ತಿರುವ ಕೆಲಸವನ್ನು ಮೊದಲು ನೋಡೋಣ. ಎಆರ್ ಎಂಬ ಜೀನ್‌ನಲ್ಲಿ ದೋಷವಿರುವುದರಿಂದ ಜೀವಕೋಶಗಳು ಟೆಸ್ಟೊಸ್ಟಿರಾನ್‌ಗೆ ಓಗೊಡುವುದಿಲ್ಲ. ಹೂಮಳೆ ಬಿದ್ದರೂ ಮೊಗ್ಗು ಬಿರಿಯದ ಕಾಫಿ ಗಿಡದಂಥ ಸ್ಥಿತಿ ಅದು. ಹಾಗೆಂದು ಹಾರ್ಮೋನು ಪೋಲಾಗುವುದಿಲ್ಲ. ಅರೊಮಟೇಸ್ ಎಂಬ ಕಿಣ್ವ ಅದನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ. ಹುಡುಗಿಗೆ ಎದೆ ಬೆಳೆಯುವುದು, ಮೂಳೆ ಗಟ್ಟಿಯಾಗುವುದು ಅದರಿಂದಲೇ. ಅವಳಿಗೆ ಬೇಕಾದ ಹೆಣ್ಣು ಹಾರ್ಮೋನನ್ನು ಅವಳ ದೇಹವೇ ಒದಗಿಸಿಕೊಳ್ಳುತ್ತಿದೆ.

ಆ ವೃಷಣಗಳನ್ನು ಐದನೇ ವಯಸ್ಸಿಗೇ ತೆಗೆದರೆ? ಮೈನೆರೆಯಲು ಮಾತ್ರೆ, ಮೂಳೆ ಉಳಿಸಿಕೊಳ್ಳಲು ಮಾತ್ರೆ, ಐವತ್ತರ ಆಸುಪಾಸಿನ ತನಕವೂ ಮಾತ್ರೆ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಕಡೆ ಲೈನ್‌ಮನೆಗಳಲ್ಲಿ ದಿನಗೂಲಿ ನಂಬಿ ಬದುಕುವ ಕುಟುಂಬ ಅಷ್ಟು ವರ್ಷ ಒಂದು ತಿಂಗಳೂ ತಪ್ಪದಂತೆ ಮಾತ್ರೆ ಕೊಳ್ಳುವುದೆಲ್ಲಿ ಬಂತು? ಮಾತ್ರೆ ತಪ್ಪಿದರೆ ಮೂಳೆ ಸವೆಯುತ್ತದೆ. ಕಾಫಿ ಮೂಟೆ ಹೊತ್ತು, ಏಣಿ ಹತ್ತಿ ಕರಿಮೆಣಸು ಕೊಯ್ದು ಬದುಕಬೇಕಾದವಳಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಶ್ರೀಮಂತರ ಮಗಳು ಹೇಗೋ ನಿಭಾಯಿಸಿಯಾಳು. ಬಡವರ ಮಗಳ ಪಾಲಿಗೆ ಆ ಒಂದು ಆಪರೇಷನ್ ಜೀವಮಾನದ ಸಾಲ.

ಕ್ಯಾನ್ಸರ್ ಬರಬಹುದು ಎಂದು ಹೆದರಿಸುತ್ತಾರೆ. ಷಿಕಾಗೊದಲ್ಲಿ ಸೇರಿದ್ದ ತಜ್ಞರು 2006ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಸಂಪೂರ್ಣ ಎಐಎಸ್‌ನಲ್ಲಿ ಗೆಡ್ಡೆಯ ಅಪಾಯವನ್ನು ಸುಮಾರು ಶೇ 2 ಎಂದು ಅಂದಾಜಿಸಿ, ಕಡಿಮೆ ಅಪಾಯದ ಗುಂಪಿಗೆ ಸೇರಿಸಿದೆ. ಮೈನೆರೆಯುವ ಮೊದಲಂತೂ ಗೆಡ್ಡೆ ಬಹಳ ವಿರಳ. ಹುಡುಗಿ ದೊಡ್ಡವಳಾಗಿ, ಎಲ್ಲವನ್ನೂ ತಿಳಿದು, ತೆಗೆಸಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸಲು ಧಾರಾಳ ಸಮಯವಿದೆ.

ತಿಳಿಯುವುದು ಎಂದೆನಲ್ಲ, ಅದೂ ಮುಖ್ಯ. ಆತುರದ ಆಪರೇಷನ್‌ಗೆ ಯಾವಾಗಲೂ ಗುಟ್ಟು ಜೊತೆಯಾಗುತ್ತದೆ. ಎಐಎಸ್ ಇರುವ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪತಿನ್ಯೊ ಅವರನ್ನು 1985ರ ಕೋಬೆ ಕ್ರೀಡಾಕೂಟದ ಲಿಂಗ ಪರೀಕ್ಷೆ ಮೈದಾನದಿಂದ ಹೊರಗಟ್ಟಿತು. ತಮ್ಮ ದೇಹ ಟೆಸ್ಟೊಸ್ಟಿರಾನ್‌ಗೆ ಸ್ಪಂದಿಸುವುದೇ ಇಲ್ಲ, ಅದರಿಂದ ತಮಗೆ ಲಾಭವೂ ಇಲ್ಲ ಎಂದು ಹೋರಾಡಿ 1988ರಲ್ಲಿ ಅವರು ಓಡುವ ಹಕ್ಕನ್ನು ಮರಳಿ ಪಡೆದರು. ತನ್ನ ಮೈಯಲ್ಲಿ ಏನಿದೆ ಎಂದು ಬಲ್ಲವಳು ತನ್ನ ಪರವಾಗಿ ನಿಲ್ಲಬಲ್ಲಳು. ಗೊತ್ತಿಲ್ಲದವಳು ಹೇಗೆ ನಿಂತಾಳು?

ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದಲ್ಲಿ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 2019ರ ಏಪ್ರಿಲ್ 22ರಂದು ಹೀಗೆ ಹೇಳಿದರು: ತಂದೆತಾಯಿಯ ಒಪ್ಪಿಗೆಯನ್ನು ಮಗುವಿನ ಒಪ್ಪಿಗೆ ಎನ್ನಲಾಗದು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ವಿನಾಯಿತಿ ಕೊಟ್ಟು ಅಲ್ಲಿನ ಸರ್ಕಾರ ನಿಷೇಧದ ಆದೇಶ ಹೊರಡಿಸಿತು. ಏಳು ವರ್ಷದ ಮಗುವಿನ ಜನನಾಂಗ ತಿದ್ದಿಸಲು ಅನುಮತಿ ಕೇಳಿದ ಪೋಷಕರಿಗೆ 2023ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಒಪ್ಪಿಗೆ ಕೊಡಲಿಲ್ಲ. ಕೇರಳ ಗಡಿಯ ಮಾಕುಟ್ಟ ದಾಟಿದ ಮಗುವಿಗೆ ಸಿಗುವ ರಕ್ಷಣೆ ಸಿದ್ದಾಪುರದ ಮಗುವಿಗೆ ಏಕಿಲ್ಲ? ವಿಧಾನಸಭೆ ಉತ್ತರಿಸಲಿ.

ವಿರೋಧ: ನಿಷೇಧದಿಂದ ಚಿಕಿತ್ಸೆಗೆ ತೊಡಕು
*ಮಕ್ಕಳ ಶಸ್ತ್ರಚಿಕಿತ್ಸಕ, ಮೈಸೂರು, ಹುಟ್ಟೂರು ಸಿದ್ದಾಪುರ*

ನಿಷೇಧ ಬೇಡ ಎನ್ನಲು ನನಗೆ ಐದು ಕಾರಣಗಳಿವೆ.

ಒಂದು, ಎಐಎಸ್‌ಗೆ ಒಂದೇ ರೂಪವಿಲ್ಲ. ದೇಹ ಅಷ್ಟಿಷ್ಟು ಸ್ಪಂದಿಸುವ ಭಾಗಶಃ ಎಐಎಸ್‌ನಲ್ಲಿ ವೃಷಣ ಚೀಲಕ್ಕಿಳಿಯದೆ ಉಳಿದಿದ್ದರೆ ಗೆಡ್ಡೆಯ ಅಪಾಯ ಶೇ 50 ಎಂದು ಅದೇ 2006ರ ಹೇಳಿಕೆ ಅಂದಾಜಿಸಿದೆ. ಮುಂದೆಂದೋ ಬರಬಹುದಾದ ಗೆಡ್ಡೆ ಇವತ್ತಿನ ಲೆಕ್ಕದಲ್ಲಿ ‘ಜೀವಕ್ಕೆ ಅಪಾಯ’ ಹೌದೋ ಅಲ್ಲವೋ? ಅದನ್ನು ನಿರ್ಧರಿಸುವವರು ಯಾರು, ವೈದ್ಯರೋ ಪೊಲೀಸರೋ? ಕಾನೂನು ಇಲ್ಲಿ ಮಸುಕಾದರೆ ಅದರ ಬೆಲೆ ತೆರುವುದು ಮಗು.

ಎರಡು, ರೋಗನಿರ್ಣಯಕ್ಕೆ ಸಮಯ ಹಿಡಿಯುತ್ತದೆ. ನವಜಾತ ಶಿಶುವಿನ ಜನನಾಂಗ ಅಸ್ಪಷ್ಟವಾಗಿ ಕಂಡರೆ ಮೊದಲು ಶಂಕಿಸಬೇಕಾದದ್ದು ಅಡ್ರಿನಲ್ ಗ್ರಂಥಿಯ ಜನ್ಮಜಾತ ತೊಂದರೆಯನ್ನು. ಅದರ ಒಂದು ಬಗೆಯಲ್ಲಿ ಮೊದಲ ವಾರಗಳಲ್ಲೇ ದೇಹದ ಉಪ್ಪಿನಂಶ ಸೋರಿ ಮಗು ಸಾಯಬಹುದು. ಹೈಡ್ರೊಕಾರ್ಟಿಸೋನ್ ಕೊಟ್ಟರೆ ಬದುಕುತ್ತದೆ. ಕೇಸಿನ ಭಯಕ್ಕೆ ವೈದ್ಯರು ಇಂಥ ಮಕ್ಕಳನ್ನು ಮುಟ್ಟದೆ ಮುಂದೆ ಸಾಗಹಾಕುವಂತಾಗಬಾರದು.

ಮೂರು, ದೂರ. ಶಸ್ತ್ರಚಿಕಿತ್ಸೆ ಬೇಡವೆಂದರೆ ನಿಗಾ ಬೇಕು: ಕಾಲಕಾಲಕ್ಕೆ ಸ್ಕ್ಯಾನ್, ರಕ್ತಪರೀಕ್ಷೆ. 2016ರಲ್ಲಿ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದರೂ, ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಕೊಡಗಿನ ಜನ 2019ರಲ್ಲಿ ಅಭಿಯಾನವನ್ನೇ ಮಾಡಬೇಕಾಯಿತು. ಮಕ್ಕಳ ಹಾರ್ಮೋನು ತಜ್ಞರಿಗಾಗಿ ಮೈಸೂರಿಗೋ ಬೆಂಗಳೂರಿಗೋ ಬರಬೇಕು. ಕೆಲಸ ಹುಡುಕಿ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗುವ ಕುಟುಂಬ ಎಷ್ಟು ಸಲ ಬಂದೀತು? ಮಾತ್ರೆ ತಪ್ಪುತ್ತದೆ ಎನ್ನುವವರು ತಪಾಸಣೆಯೂ ತಪ್ಪುತ್ತದೆ ಎಂಬುದನ್ನು ಗಮನಿಸಬೇಕು.

ನಾಲ್ಕು, ಪೋಷಕರು. ಸೀಳುತುಟಿಯಿಂದ ಹೃದಯದ ರಂಧ್ರದವರೆಗೆ ಮಕ್ಕಳ ಪರವಾಗಿ ತೀರ್ಮಾನ ಮಾಡುವವರು ಅವರೇ. ಇದೊಂದರಲ್ಲಿ ಮಾತ್ರ ಅವರನ್ನು ಹೊರಗಿಡುವುದು ಸರಿಯಲ್ಲ. ಭಯ, ನಾಚಿಕೆಯ ನಡುವೆ ಅವರಿಂದ ಸಹಿ ಪಡೆಯುವುದುಂಟು ಎಂಬುದು ನಿಜ. ಆಪ್ತಸಮಾಲೋಚಕರು ಇರುವ ಕಡೆ ಆ ಸಹಿಗೆ ಅರ್ಥ ಬರುತ್ತದೆ.

ಐದು, ಸಮಿತಿ ಸಾಕು. ಕೇರಳ ಹೈಕೋರ್ಟ್ ಸೂಚಿಸಿದಂತೆ ಮಕ್ಕಳ ಹಾರ್ಮೋನು ತಜ್ಞ, ಶಸ್ತ್ರಚಿಕಿತ್ಸಕ, ಮನೋವೈದ್ಯರ ರಾಜ್ಯಮಟ್ಟದ ಸಮಿತಿ ಪ್ರತಿ ಮಗುವನ್ನೂ ಪ್ರತ್ಯೇಕವಾಗಿಯೇ ನೋಡಿ ತೀರ್ಮಾನಿಸಲಿ.

ಸಂಪೂರ್ಣ ಎಐಎಸ್ ಖಚಿತವಾದ ಹುಡುಗಿಯ ವಿಷಯದಲ್ಲಿ ನನ್ನ ನಿಲುವನ್ನೂ ಹೇಳಬೇಕು. ಮೈನೆರೆಯುವ ಮೊದಲು ಅವಳ ವೃಷಣ ತೆಗೆಯಲು ನಾನು ಸಲಹೆ ಕೊಡುವುದಿಲ್ಲ. ಬರೀ ನೋಟಕ್ಕಾಗಿ ಜನನಾಂಗ ತಿದ್ದುವುದಕ್ಕೂ ವೈದ್ಯಕೀಯ ತುರ್ತು ಇರುವುದಿಲ್ಲ. ಇವೆರಡಕ್ಕೆ ಸಮಿತಿಯ ಲಿಖಿತ ಅನುಮತಿ ಕಡ್ಡಾಯ ಎಂದು ಸರ್ಕಾರ ನಿಯಮ ಮಾಡಿದರೆ ನಾನೂ ಬೆಂಬಲಿಸುತ್ತೇನೆ. ಆದರೆ ಸಮಿತಿಯ ಜೊತೆಗೇ ಕೊಡಗಿಗೆ ಒಬ್ಬ ಹಾರ್ಮೋನು ತಜ್ಞರನ್ನೂ ಕೊಡಲಿ.