ಹಲ್ಲಿಗೆ ಹತ್ತಿದ ನುಸಿ

ಹಲ್ಲಿ ಮನುಷ್ಯರ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೆ ಪಂಚಾಂಗದಲ್ಲಿ ಒಂದು ಪಟ್ಟಿಯೇ ಇರುತ್ತದೆ. ತಲೆಯ ಮೇಲೆ ಬಿದ್ದರೆ ಒಂದು, ಭುಜದ ಮೇಲೆ ಬಿದ್ದರೆ ಇನ್ನೊಂದು. ಆದರೆ ಹಲ್ಲಿಯ ಮೈಮೇಲೆ ಯಾರು ಬಿದ್ದಿದ್ದಾರೆ ಎಂದು ನೋಡುವವರು ಕಡಿಮೆ. ರಾತ್ರಿ ದೀಪದ ಹುಳ ಹಿಡಿಯಲು ಬಂದ ಹಲ್ಲಿ ಕಿಟಕಿ ಗಾಜಿನ ಆಚೆ ಬದಿಗೆ ಅಂಟಿಕೊಂಡಿದ್ದಾಗ ಈಚೆಯಿಂದ ಟಾರ್ಚ್ ಬಿಟ್ಟು ಅದರ ಪಾದಗಳನ್ನು ನೋಡಿ. ಎಲ್ಲ ಹಲ್ಲಿಗಳಲ್ಲೂ ಅಲ್ಲದಿದ್ದರೂ ಕೆಲವುಗಳ ಬೆರಳ ಸಂದಿಯಲ್ಲಿ ಕುಂಕುಮದ ಕಣದಂತಹ ಕೆಂಪು ಚುಕ್ಕೆಗಳು ಕಾಣುತ್ತವೆ. ಅದು ಗಾಯವಲ್ಲ, ನುಸಿ. ಗೆಕ್ಕೋಬಿಯಾ ಎಂಬ ಕುಲಕ್ಕೆ ಸೇರಿದ ಈ ನುಸಿಗಳು ಹಲ್ಲಿಗಳನ್ನೇ ನಂಬಿ ಬದುಕುವಂಥವು.

ನುಸಿ ಎಂದರೆ ಏನೆಂದು ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಹೇಳಬೇಕಾಗಿಲ್ಲ. ಅಡಿಕೆ ಸೋಗೆಗೆ ಹತ್ತುವ ಕೆಂಪು ನುಸಿ, ತೆಂಗಿನಕಾಯಿಯನ್ನು ಮುರುಟಿಸುವ ನುಸಿ ಇವರಿಗೆ ಹಳೆಯ ಪರಿಚಯ. ಇವು ಕೀಟಗಳಲ್ಲ, ಜೇಡ ಮತ್ತು ಚೇಳುಗಳ ನೆಂಟರು. ದನದ ಮೈಗೆ ಕಚ್ಚುವ ಉಣುಗು ಇದೇ ಮನೆತನದ ದೊಡ್ಡಣ್ಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಬೆಳಕಿಗೆ ಬಂದ ಜಿಲ್ಲೆ ಇದು. ಹಾಗಾಗಿ ಕೆಂಪು ಚುಕ್ಕೆ ಕಂಡೊಡನೆ ಗಾಬರಿ ಸಹಜ. ಗೋಡೆಯ ಹಲ್ಲಿಯ ನುಸಿಗೂ ಆ ಜ್ವರಕ್ಕೂ ಸಂಬಂಧವಿಲ್ಲ. ಪೊರಕೆ ಹಿಡಿದು ಹಲ್ಲಿಯ ಬೆನ್ನು ಹತ್ತಬೇಕಾಗಿಲ್ಲ.

ಗೋಡೆಯ ಹಲ್ಲಿಗೆ ನುಸಿಯಿಂದ ದೊಡ್ಡ ಅಪಾಯವೂ ಇಲ್ಲ. ಒಂದು ಜಾಗ ಸರಿಬೀಳದಿದ್ದರೆ ಅದು ಇನ್ನೊಂದು ಗೋಡೆಗೆ ಹೋಗುತ್ತದೆ. ಕಷ್ಟವೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಸಾಕಿದ ಹಲ್ಲಿಗೆ. ಬೆಂಗಳೂರಿನಂತಹ ಊರುಗಳಿಂದ ಇಗ್ವಾನ, ಬಿಯರ್ಡೆಡ್ ಡ್ರ್ಯಾಗನ್, ಲೆಪರ್ಡ್ ಗೆಕ್ಕೋ ಎಂಬ ವಿದೇಶಿ ಹಲ್ಲಿಗಳನ್ನು ತಂದು ಸಾಕುವ ಹವ್ಯಾಸ ನಮ್ಮಲ್ಲೂ ಬೆಳೆದಿದೆ. ಸಾಕುವುದಾದರೆ ಕಾಗದಪತ್ರ ಮೊದಲು. ಹಸಿರು ಇಗ್ವಾನ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂತಹ ಪ್ರಾಣಿಯನ್ನು ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು.

ಪೆಟ್ಟಿಗೆಯ ಹಲ್ಲಿಗೆ ಕಾಟ ಕೊಡುವ ನುಸಿಗಳಲ್ಲಿ ಎರಡು ಮುಖ್ಯ. ಇಗ್ವಾನದ ಮೇಲೆ ಹಿರ್ಸ್ಟಿಯೆಲ್ಲಾ ಎಂಬ ಕೆಂಪು ನುಸಿ ಕಾಣುತ್ತದೆ. ಇನ್ನೊಂದು ಹಾವಿನ ನುಸಿ ಎಂದೇ ಹೆಸರಾದ ಒಫಿಯೊನಿಸಸ್. ಹಾವು ಸಿಗದಿದ್ದರೆ ಹಲ್ಲಿಯಾದರೂ ಅದಕ್ಕೆ ಅಡ್ಡಿಯಿಲ್ಲ. ಈ ಪುಟ್ಟ ಪ್ರಾಣಿಯ ಜೀವನಚಕ್ರವನ್ನು ಅಮೆರಿಕದ ಜೋಸೆಫ್ ಕ್ಯಾಮಿನ್ 1953ರಲ್ಲಿ ವಿವರವಾಗಿ ಬರೆದಿಟ್ಟರು. ಮೊಟ್ಟೆಯಿಂದ ಹೊರಬಂದ ಮರಿ ಏನನ್ನೂ ತಿನ್ನುವುದಿಲ್ಲ. ಎರಡನೆಯ ಹಂತದಲ್ಲಿ ರಕ್ತ ಹೀರುತ್ತದೆ, ಮೂರನೆಯ ಹಂತದಲ್ಲಿ ಮತ್ತೆ ಉಪವಾಸ, ಬೆಳೆದ ಮೇಲೆ ಮತ್ತೆ ರಕ್ತ. ಹೊಟ್ಟೆ ತುಂಬಿದ ಹೆಣ್ಣು ಹಲ್ಲಿಯ ಮೈಯಿಂದ ಇಳಿದು ಪೆಟ್ಟಿಗೆಯ ಕತ್ತಲೆ ಮೂಲೆ, ಮರದ ತುಂಡಿನ ಬಿರುಕು ಹುಡುಕಿ ಮೊಟ್ಟೆಯಿಡುತ್ತದೆ. ಜೀವಮಾನದಲ್ಲಿ 60ರಿಂದ 80 ಮೊಟ್ಟೆ. ಬೆಚ್ಚಗಿನ ಹವೆಯಲ್ಲಿ ಎರಡು-ಮೂರು ವಾರದೊಳಗೆ ಮುಂದಿನ ತಲೆಮಾರು ಸಿದ್ಧ.

ಗಮನಿಸಬೇಕಾದ್ದು ಇಲ್ಲಿದೆ. ನುಸಿಯ ಊಟ ಹಲ್ಲಿಯ ಮೇಲೆ, ಮನೆ ಮಾತ್ರ ಪೆಟ್ಟಿಗೆಯೊಳಗೆ. ಸಾಕುವವರು ಮಾಡುವ ತಪ್ಪೂ ಇಲ್ಲಿಯೇ. ಹಲ್ಲಿಯ ಮೈಯನ್ನು ಉಜ್ಜಿ ತೊಳೆದು ಅದೇ ಮರದ ಚೂರು, ಅದೇ ತೆಂಗಿನ ನಾರಿನ ಮೇಲೆ ಬಿಡುತ್ತಾರೆ. ಹದಿನೈದು ದಿನಕ್ಕೆ ನುಸಿ ವಾಪಸು. ಆಗ ಸಿಟ್ಟಿನಿಂದ ಬಲವಾದ ಔಷಧಿಗೆ ಕೈಹಾಕುತ್ತಾರೆ: ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ, ಜಿರಲೆ ಪುಡಿ, ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ. ಇಪ್ಪತ್ತು ಕಿಲೋ ತೂಗುವ ನಾಯಿಗೆ ಲೆಕ್ಕ ಹಾಕಿದ ವಿಷವನ್ನು ಅರ್ಧ ಕಿಲೋದ ಹಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಾಡಬೇಕು. ನಡುಕ ಬಂದು ಕಾಲು ಸೋತು ಅದು ಸತ್ತರೆ ಮಗುವಿಗೆ ‘ನುಸಿಯಿಂದ ಸತ್ತಿತು’ ಎಂದು ಹೇಳುವುದು ಸುಲಭ. ಕೊಂದದ್ದು ಹಾಕಿದ ಔಷಧಿ.

ನುಸಿ ಬಂದಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ. ಹಲ್ಲಿ ದಿನವಿಡೀ ನೀರಿನ ಬಟ್ಟಲಲ್ಲೇ ಕೂರುತ್ತದೆ, ಮೈಯನ್ನು ಕಲ್ಲಿಗೆ ಉಜ್ಜುತ್ತದೆ, ಪೊರೆ ಚೂರುಚೂರಾಗಿ ಬಿಡುತ್ತದೆ. ಕಣ್ಣಿನ ಸುತ್ತ, ಕಿವಿಯ ಬಳಿ, ಕಂಕುಳು, ಬಾಲದ ಬುಡದ ಮಡಿಕೆಗಳಲ್ಲಿ ಹುಡುಕಬೇಕು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೈ ಒರೆಸಿ ನೋಡಿದರೆ ಚಲಿಸುವ ಕಪ್ಪು, ಕೆಂಪು ಚುಕ್ಕೆ ಸಿಕ್ಕೀತು. ನೀರಿನ ಬಟ್ಟಲ ತಳದಲ್ಲಿ ಮುಳುಗಿ ಸತ್ತವು ಕಪ್ಪು ಪುಡಿಯಂತೆ ಬಿದ್ದಿರುತ್ತವೆ.

ಇದ್ದದ್ದು ಖಚಿತವಾದರೆ ಹಲ್ಲಿಯನ್ನು ಬರಿಯ ಪ್ಲಾಸ್ಟಿಕ್ ಡಬ್ಬಕ್ಕೆ ಸಾಗಿಸಿ, ಗಾಳಿಗೆ ರಂಧ್ರ ಮಾಡಿ, ತಳಕ್ಕೆ ಹಳೆಯ ಪತ್ರಿಕೆ ಹಾಸಬೇಕು. ಬೇಕಾದ ಬೆಚ್ಚನೆಯ ವ್ಯವಸ್ಥೆ ಅಲ್ಲಿಯೂ ಇರಬೇಕು. ಪತ್ರಿಕೆಯನ್ನು ದಿನಾ ಬದಲಾಯಿಸಿ ಹಳೆಯದನ್ನು ಸುಟ್ಟರಾಯಿತು. (ಈ ಪುರವಣಿಯೂ ಆದೀತು, ಓದಿದ ಮೇಲೆ.) ಪೆಟ್ಟಿಗೆಯ ನಾರು, ತೊಗಟೆ, ಮರದ ತುಂಡುಗಳನ್ನು ಎಸೆಯಬೇಕು. ಐವತ್ತು ಡಿಗ್ರಿ ದಾಟಿದ ಬಿಸಿಯಲ್ಲಿ ಈ ನುಸಿ ಬದುಕದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ನೀರಿಗೆ ಕೊರತೆಯಿಲ್ಲವಲ್ಲ. ಬಟ್ಟಲು, ಕಲ್ಲುಗಳಿಗೆ ಕುದಿನೀರು ಸುರಿದು, ಪೆಟ್ಟಿಗೆಯ ಗಾಜು ಒಡೆಯದಂತೆ ಅದನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸಂದಿಸಂದಿಯೂ ಒರೆಸಿ ಒಣಗಿಸಬೇಕು. ಹಲ್ಲಿಗೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಭುಜ ಮುಳುಗುವಷ್ಟು ಮಾತ್ರ, ಇಪ್ಪತ್ತು ನಿಮಿಷದ ಸ್ನಾನ. ನುಸಿಗಳು ತಲೆಯ ಕಡೆಗೆ ಓಡುತ್ತವೆ, ಅಲ್ಲಿ ಬಟ್ಟೆಯಿಂದ ಹಿಡಿಯಬಹುದು. ಪಕ್ಕದಲ್ಲಿ ಒಬ್ಬರು ಕುಳಿತಿರಲೇಬೇಕು. ಇದೆಲ್ಲ ಒಂದು ದಿನದ ಕೆಲಸವಲ್ಲ, ಕನಿಷ್ಠ ಒಂದು ತಿಂಗಳು. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕಾಲದಲ್ಲಿ ನುಸಿಗೆ ಹಬ್ಬ. ಒಣಹವೆ ಅದಕ್ಕೆ ಆಗದು, ತೇವ ಬೇಕು.

ಔಷಧಿಯೇ ಬೇಕಾದಾಗ ಪಶುವೈದ್ಯರೇ ಪ್ರಮಾಣ ಹೇಳಬೇಕು. ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಕೆಲವು ಹಲ್ಲಿಗಳಿಗೆ ವೈದ್ಯರ ಲೆಕ್ಕದಲ್ಲಿ ಸಲ್ಲುತ್ತದೆ, ಆಮೆಗೆ ಮಾತ್ರ ಮರಣಾಂತಿಕ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಒಂದೇ ಬಾಟಲಿಯ ಔಷಧಿ ಎರಡಕ್ಕೂ ಎಂಬ ಉಳಿತಾಯ ಬೇಡ. ಹೊರದೇಶಗಳಲ್ಲಿ ನುಸಿಯನ್ನು ತಿನ್ನುವ ಇನ್ನೊಂದು ಜಾತಿಯ ನುಸಿಯನ್ನೇ ಪೆಟ್ಟಿಗೆಗೆ ಬಿಡುವುದುಂಟು. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ.

ಉಡದ ಮಾತು ಬೇರೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ, ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ತೋಟದಲ್ಲಿ ಗಾಯಗೊಂಡ ಉಡ ಸಿಕ್ಕಾಗ ಅದರ ಮೈಗೆ ಉಣುಗು ಕಚ್ಚಿರುವುದು ಸಾಮಾನ್ಯ. ಉಡದ ಪಟ್ಟು ಎನ್ನುತ್ತೇವೆ, ಆದರೆ ಅದರ ಮೈಮೇಲಿನ ಉಣುಗಿನ ಪಟ್ಟು ಅದಕ್ಕೂ ಗಟ್ಟಿ. ಬೀಡಿಯ ಕಿಡಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಎರಡೂ ಸಲ್ಲದು. ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು, ಅವರು ಇಕ್ಕುಳದಿಂದ ಬುಡ ಹಿಡಿದು ನೇರವಾಗಿ ತೆಗೆಸುತ್ತಾರೆ.

ಕಣ್ಣಿಗೆ ಕಾಣದ ಹೊಟ್ಟೆಹುಳುಗಳದು ಇನ್ನೊಂದು ಅಧ್ಯಾಯ. ತಿನ್ನುತ್ತಿದ್ದರೂ ಹಲ್ಲಿ ಬಡಕಲಾಗುತ್ತಿದ್ದರೆ, ಹಿಕ್ಕೆ ತೆಳುವಾಗಿದ್ದರೆ, ತಾಜಾ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಡಬೇಕು. ಅಡುಗೆಮನೆಯ ಜಿರಲೆ ಹಿಡಿದು ತಿನ್ನಿಸುವುದನ್ನು ನಿಲ್ಲಿಸಬೇಕು. ಅದು ಹುಳುವನ್ನೂ ನಿನ್ನೆ ನೀವೇ ಹೊಡೆದ ಜಿರಲೆ ಔಷಧಿಯನ್ನೂ ಹೊತ್ತು ತರುತ್ತದೆ. ಹೊಸದಾಗಿ ತಂದ ಹಲ್ಲಿಯನ್ನು ಹಳೆಯದರ ಜೊತೆ ಬಿಡುವ ಮೊದಲು ಒಂದೆರಡು ತಿಂಗಳು ಬೇರೆ ಕೋಣೆಯಲ್ಲಿಟ್ಟು, ದಿನಾ ಹಳೆಯದರ ಆರೈಕೆ ಮುಗಿಸಿದ ಮೇಲೆಯೇ ಅದರ ಬಳಿ ಹೋಗಬೇಕು. ಎರಡನ್ನೂ ಮುಟ್ಟಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಮಕ್ಕಳಂತೂ ತಪ್ಪದೆ. ಹಲ್ಲಿಯ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು.