ಗದ್ದದ ಮೇಲಿನ ಮೂರು ಚೌಕ

ನಮ್ಮ ಅಮೃತೂರಿನಿಂದ ಬೆಳಿಗ್ಗೆ ಕುಣಿಗಲ್ ಕಡೆಗೆ ಹೊರಡುವ ಬಸ್ಸಿನಲ್ಲಿ ಕಾಲೇಜು ಹುಡುಗಿಯರೇ ಹೆಚ್ಚು. ಅವರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು. ಕೊರೊನಾ ಹೋಗಿ ಎಷ್ಟು ಕಾಲವಾದರೂ ಅವಳು ಮಾಸ್ಕ್ ಬಿಟ್ಟಿರಲಿಲ್ಲ. ಕೇಳಿದರೆ ಧೂಳು ಆಗಲ್ಲ ಎನ್ನುತ್ತಿದ್ದಳು, ನಾವೂ ನಂಬಿದ್ದೆವು. ಈ ಸಲ ಯುಗಾದಿಗೆ ಊರಿಗೆ ಹೋದಾಗ, ಎಣ್ಣೆ ನೀರು ಹಾಕಲು ಮಣೆಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದೆ. ಮುಖ ಎತ್ತಿದಾಗ ಕಾಣಿಸಿತು. ಗದ್ದದ ಕೆಳಗೆ, ದವಡೆಯ ಅಂಚಿಗೆ, ಒಂದರ ಪಕ್ಕ ಒಂದರಂತೆ ಮೂರು ಕಂದು ಕಲೆ. ಬಿದ್ದು ಆದ ಗಾಯಕ್ಕೆ ಅಳತೆ ಇರುವುದಿಲ್ಲ. ಇವು ಮೂರೂ ಒಂದೇ ಅಳತೆಯ ಚೌಕಗಳು, ಹೆಬ್ಬೆರಳಿನ ಉಗುರಿನಷ್ಟು.

“ಇದೇನೇ ಇದು?”

“ಲೇಸರ್, ಚಿಕ್ಕಮ್ಮ. ಹೋದ ಕೂದ್ಲು ಮತ್ತೆ ಬರಲ್ಲ ಅಂದಿದ್ರು.”

ಆ ಚೌಕ ಯಂತ್ರದ ಹಿಡಿಯ ತುದಿಯ ಅಳತೆ. ತುಮಕೂರಿನ ಒಂದು ಪಾರ್ಲರಿನಲ್ಲಿ ಆರು ಸಲದ ಪ್ಯಾಕೇಜ್ ಎಂದು ಹದಿನೈದು ಸಾವಿರ ಮುಂಗಡ ಕಟ್ಟಿಸಿಕೊಂಡಿದ್ದರು. ಅಕ್ಕ ಆರು ತಿಂಗಳು ಡೇರಿ ಬಟವಾಡೆಯಲ್ಲಿ ಉಳಿಸಿದ ದುಡ್ಡು ಅದು. ಬಾವನಿಗೂ ಗೊತ್ತಿರಲಿಲ್ಲ. ಎರಡನೇ ಸಲಕ್ಕೇ ಮುಖ ಸುಟ್ಟಿತು. ಹೋಗಿ ಕೇಳಿದರೆ, ನಿಮ್ಮ ಸ್ಕಿನ್ನೇ ಹಾಗೆ, ಅಲೋವೆರಾ ಹಚ್ಚಿ ಎಂದು ಕಳಿಸಿದರಂತೆ.

ನಿಮ್ಮ ಸ್ಕಿನ್ನೇ ಹಾಗೆ ಎಂಬ ಆ ಮಾತು ಅಂದಿನಿಂದ ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಹುಡುಗಿಯ ಬಣ್ಣ ನಮ್ಮ ಊರಿನ ಬಣ್ಣ, ನಮ್ಮ ಜಿಲ್ಲೆಯ ಬಣ್ಣ. ಆ ಬಣ್ಣಕ್ಕೆ ಹೊಂದದ ಯಂತ್ರವನ್ನು ಅಥವಾ ಹೊಂದಿಸಲು ಬಾರದ ಕೈಯನ್ನು ಇಟ್ಟುಕೊಂಡು ಈ ಜಿಲ್ಲೆಯಲ್ಲಿ ಅಂಗಡಿ ತೆರೆದವರದೇ ತಪ್ಪು ಹೊರತು ಚರ್ಮದ್ದಲ್ಲ. ಹೀಗೆ ಹೇಳಬೇಕಾದರೆ ಲೇಸರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು.

ಬೇಸಿಗೆಯ ಮಧ್ಯಾಹ್ನ ಅಂಗಳದ ಕಪ್ಪು ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ, ಪಕ್ಕದ ಸುಣ್ಣ ಬಳಿದ ಜಗಲಿಯ ಮೇಲೆ ಕೂರಬಹುದು. ಬಿಸಿಲು ಎರಡಕ್ಕೂ ಒಂದೇ. ಕಪ್ಪು ಬೆಳಕನ್ನು ಹೀರಿಕೊಂಡು ಕಾಯುತ್ತದೆ, ಬಿಳುಪು ಹಿಂದಕ್ಕೆ ಕಳಿಸುತ್ತದೆ. ಲೇಸರಿನ ಕೆಲಸವೂ ಇಷ್ಟೇ. ಕೂದಲಿನ ಕಪ್ಪಿಗೆ ಕಾರಣವಾದ ಮೆಲನಿನ್ ಬೆಳಕನ್ನು ಹೀರಿ ಕಾಯುತ್ತದೆ, ಆ ಕಾವು ಬುಡಕ್ಕೆ ಇಳಿದು ಕೂದಲು ಹುಟ್ಟಿಸುವ ಜೀವಕೋಶಗಳನ್ನು ಕೆಡಿಸುತ್ತದೆ. ಸುತ್ತಲ ಚರ್ಮವನ್ನು ಬಿಟ್ಟು ಬೇಕಾದ ಜಾಗವನ್ನಷ್ಟೇ ಹೀಗೆ ಕಾಯಿಸಬಹುದು ಎಂಬ ತತ್ವವನ್ನು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದರು. 1990ರ ದಶಕದ ನಡುವೆ ಅದು ಕೂದಲಿನ ಚಿಕಿತ್ಸೆಯಾಯಿತು. ಮೊದಲು ಬಳಸಿದ್ದರಲ್ಲಿ ಒಂದು ಮಾಣಿಕ್ಯದ ಲೇಸರ್, ಅದರ ಬೆಳಕಿನ ಅಲೆಯ ಉದ್ದ 694 ನ್ಯಾನೋಮೀಟರ್. ಬಿಳಿ ಚರ್ಮ, ಕಪ್ಪು ಕೂದಲಿನವರಿಗೆ ಅದು ಹೇಳಿ ಮಾಡಿಸಿದಂತಿತ್ತು.

ನಮ್ಮಲ್ಲಿ ಕೂದಲೂ ಕಪ್ಪು, ಚರ್ಮದಲ್ಲೂ ಮೆಲನಿನ್ ಧಾರಾಳ. ಜಗಲಿಯೂ ಕಪ್ಪು ಕಲ್ಲಿನದೇ ಆದ ಹಾಗೆ. ಬೆಳಕು ಬುಡಕ್ಕೆ ಇಳಿಯುವ ಮೊದಲೇ ಮೇಲಿನ ಚರ್ಮ ಅದನ್ನು ಹೀರಿ ಸುಟ್ಟುಕೊಳ್ಳುತ್ತದೆ. ಇದಕ್ಕೆ ಪರಿಹಾರ ಎಂದೋ ಸಿಕ್ಕಿದೆ. ಅಲೆ ಉದ್ದವಾದಷ್ಟೂ ಮೇಲ್ಚರ್ಮದ ಬಣ್ಣ ಅದನ್ನು ಹೀರುವುದು ಕಡಿಮೆ. ಅಲೆಕ್ಸಾಂಡ್ರೈಟ್ 755, ಡಯೋಡ್ 800ರಿಂದ 810, ಎನ್‌ಡಿ ಯಾಗ್ 1064 ನ್ಯಾನೋಮೀಟರ್. ಕಪ್ಪು ಚರ್ಮಕ್ಕೆ ಕೊನೆಯದು ಎಲ್ಲಕ್ಕಿಂತ ಕ್ಷೇಮ. ಡಯೋಡನ್ನೂ ಎಚ್ಚರದಿಂದ ಬಳಸಬಹುದು. ಬೆಳಕಿನ ಹೊಡೆತದ ಅವಧಿಯನ್ನು ಕೆಲವು ಮಿಲಿಸೆಕೆಂಡು ಹಿಗ್ಗಿಸಿದರೆ ಮೇಲ್ಚರ್ಮಕ್ಕೆ ಆರಲು ಬಿಡುವು ಸಿಗುತ್ತದೆ. ಹಿಡಿಯ ತುದಿ ಚರ್ಮವನ್ನು ತಣ್ಣಗೆ ಇಟ್ಟಿರಬೇಕು. ಮೊದಲ ದಿನ ಕಿವಿಯ ಹಿಂದೆ ಸಣ್ಣ ಜಾಗದಲ್ಲಿ ಹೊಡೆದು ನೋಡಿ, ಕಾದು, ಏನೂ ಆಗದಿದ್ದರೆ ಮುಂದುವರಿಯಬೇಕು. ಇಬ್ಬರ ಕಣ್ಣಿಗೂ ಕನ್ನಡಕ ಇರಬೇಕು. ನಮ್ಮ ಹುಡುಗಿಗೆ ಕಿವಿಯ ಹಿಂದೆ ಯಾರೂ ಹೊಡೆದು ನೋಡಿರಲಿಲ್ಲ. ಅಲ್ಲಿದ್ದದ್ದು ಲೇಸರೋ ಅಥವಾ ಐಪಿಎಲ್ ಎಂಬ ಬರೀ ಬೆಳಕಿನ ಯಂತ್ರವೋ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಐಪಿಎಲ್ ಲೇಸರಲ್ಲ. ಹಲವು ಅಲೆಗಳನ್ನು ಒಟ್ಟಿಗೆ ಚೆಲ್ಲುವ ದೀಪ ಅದು, ಕಪ್ಪು ಚರ್ಮದ ಮೇಲೆ ಇನ್ನೂ ಜೋಪಾನವಾಗಿ ಬಳಸಬೇಕಾದದ್ದು.

ಬಿಸಿಲಿನ ಮಾತೂ ಇದೆ. ಲೇಸರಿಗೆ ಮೊದಲೂ ಆಮೇಲೂ ಕೆಲವು ವಾರ ಬಿಸಿಲಿಗೆ ಮುಖ ಒಡ್ಡಬಾರದು. ಕಂದಿದ ಚರ್ಮ ಬೇಗ ಸುಡುತ್ತದೆ. ಅವಳು ಭಾನುವಾರ ಅಮ್ಮನ ಜೊತೆ ರಾಗಿ ಹೊಲದಲ್ಲಿ ಕಳೆ ಕೀಳುವವಳು, ಹಸುವಿಗೆ ಹುಲ್ಲು ತರುವವಳು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳು. ಕೂದಲನ್ನು ಬುಡದಿಂದ ಕಿತ್ತಿರಬಾರದು ಎಂಬುದೂ ಅಷ್ಟೇ ಮುಖ್ಯ. ಬುಡದಲ್ಲಿ ಕಪ್ಪು ಇಲ್ಲದಿದ್ದರೆ ಬೆಳಕಿಗೆ ಹಿಡಿಯಲು ಏನೂ ಇರುವುದಿಲ್ಲ. ಇವಳು ಅದೇ ಪಾರ್ಲರಿನಲ್ಲಿ ವಾರದ ಹಿಂದೆ ಗದ್ದಕ್ಕೆ ಥ್ರೆಡ್ಡಿಂಗ್ ಮಾಡಿಸಿದ್ದಳು. ಕೂದಲೇ ಇಲ್ಲದ ಜಾಗಕ್ಕೆ ಲೇಸರ್ ಹೊಡೆದು ಚರ್ಮವನ್ನು ಮಾತ್ರ ಸುಟ್ಟರು.

ಇನ್ನು ‘ಶಾಶ್ವತ’ದ ಮಾತು. ಕೂದಲು ಬೆಳೆಯುತ್ತದೆ, ನಿಲ್ಲುತ್ತದೆ, ಉದುರುತ್ತದೆ, ಮತ್ತೆ ಹುಟ್ಟುತ್ತದೆ. ಬೆಳೆಯುವ ಹಂತದಲ್ಲಿ ಇರುವುದಕ್ಕೆ ಮಾತ್ರ ಲೇಸರ್ ಚೆನ್ನಾಗಿ ತಾಗುತ್ತದೆ. ಅದಕ್ಕೇ ತಿಂಗಳು, ಒಂದೂವರೆ ತಿಂಗಳ ಅಂತರದಲ್ಲಿ ಆರೆಂಟು ಸಲ ಬೇಕು, ಆಮೇಲೂ ಆಗೀಗ ಹೋಗಬೇಕು. ಅಮೆರಿಕದ ಎಫ್‌ಡಿಎ 1990ರ ದಶಕದ ಕೊನೆಗೆ ಕೆಲವು ಯಂತ್ರಗಳಿಗೆ ‘ಕೂದಲನ್ನು ಶಾಶ್ವತವಾಗಿ ಕಡಿಮೆ ಮಾಡುತ್ತದೆ’ ಎಂದು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಪೂರ್ತಿ ತೆಗೆಯುತ್ತದೆ ಎಂದಲ್ಲ. ನಮ್ಮ ದೇಶದ ಚರ್ಮವೈದ್ಯರ ಸಂಘವೂ ತನ್ನ ಮಾರ್ಗಸೂಚಿಯಲ್ಲಿ ಬಳಸುವುದು ಕಡಿಮೆ ಮಾಡುವುದು ಎಂಬ ಮಾತನ್ನೇ. ಹಾಗಿರುವಾಗ ‘ಶಾಶ್ವತ ನಿವಾರಣೆ’ ಎಂಬ ಬೋರ್ಡು ನಮ್ಮ ಪೇಟೆಗಳಲ್ಲಿ ಏಕಿರಬೇಕು? ನರೆಗೂದಲಿಗೆ ಲೇಸರ್ ನಾಟುವುದೇ ಇಲ್ಲ. ಮುಖದ ಮೇಲೆ, ಅದರಲ್ಲೂ ನಮ್ಮಂಥ ಬಣ್ಣದವರಿಗೆ, ಕೆಲವೊಮ್ಮೆ ಲೇಸರ್ ತಾಗಿದ ಜಾಗದ ಅಂಚಿನಲ್ಲಿ ಕೂದಲು ಇನ್ನೂ ಹೆಚ್ಚಾಗುವುದುಂಟು. ಇದನ್ನು ಯಾವ ಬೋರ್ಡೂ ಹೇಳುವುದಿಲ್ಲ.

ಹೆಣ್ಣುಮಕ್ಕಳ ಮುಖದ ಕೂದಲನ್ನು ನಂಬಿಕೊಂಡ ವ್ಯಾಪಾರ ಹಳೆಯದು. ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯ 1896ರಲ್ಲಿ, ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, ಬೆನ್ನ ಮೇಲೆ ಕೂದಲಿನ ಮಚ್ಚೆ ಇದ್ದ ಐದು ವರ್ಷದ ಮಗುವಿಗೆ ಅದನ್ನು ಹಾಯಿಸಿ ಕೂದಲು ಉದುರಿಸಿದ. 1920ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಗೈಸರ್ ಎಂಬ ವೈದ್ಯ ‘ಟ್ರೈಕೋ’ ಎಂಬ ಹೆಸರಿನಲ್ಲಿ ಎಕ್ಸ್‌ರೇ ಯಂತ್ರಗಳನ್ನು ಬ್ಯೂಟಿ ಪಾರ್ಲರುಗಳಿಗೆ ಬಾಡಿಗೆಗೆ ಕೊಟ್ಟ. ನಡೆಸುವವರಿಗೆ ಅಲ್ಪಕಾಲದ ತರಬೇತಿ. ಸಾವಿರಾರು ಹೆಂಗಸರು ಹೋಗಿ ಗದ್ದ ಒಡ್ಡಿದರು. ವರ್ಷಗಳಾದ ಮೇಲೆ ಅವರ ಮುಖದ ಚರ್ಮ ಸುಕ್ಕಿತು, ಹುಣ್ಣಾಯಿತು, ಎಷ್ಟೋ ಜನರಿಗೆ ಕ್ಯಾನ್ಸರ್ ಬಂತು.

ಲೇಸರ್ ಹಾಗಲ್ಲ ಎಂದು ಇಲ್ಲೇ ಒತ್ತಿ ಹೇಳಬೇಕು. ನಮ್ಮ ಊರಿನ ಕಡೆ ಅದರಿಂದ ಕ್ಯಾನ್ಸರ್ ಬರುತ್ತೆ, ಮಕ್ಕಳಾಗಲ್ಲ ಎಂದು ಹೆದರಿಸುವವರಿದ್ದಾರೆ. ಅದು ಎಕ್ಸ್‌ರೇ ಜಾತಿಯ ಕಿರಣವಲ್ಲ, ಬೆಳಕು. ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತದೆ ಅಷ್ಟೆ, ಗರ್ಭಕೋಶದ ತನಕ ಹೋಗುವುದಿಲ್ಲ. ಟ್ರೈಕೋ ಕತೆಯನ್ನು ಹೇಳಿದ್ದು ಯಂತ್ರದ ಹೋಲಿಕೆಗಲ್ಲ, ಯಂತ್ರ ಯಾರ ಕೈಗೆ ಹೋಯಿತು ಎಂಬುದಕ್ಕೆ.

ನಾನು ಅವಳನ್ನು ಒಬ್ಬ ಚರ್ಮರೋಗ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಕಲೆಗಳನ್ನು ನೋಡಿದರು, ಮುಟ್ಟಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಲೇಸರಿನದಲ್ಲ.

“ತಿಂಗಳು ತಿಂಗಳು ಸರಿಯಾಗಿ ಆಗುತ್ತೇನಮ್ಮ?”

ಹುಡುಗಿ ನನ್ನ ಮುಖ ನೋಡಿದಳು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಎರಡು ವರ್ಷದಿಂದ ಹಾಗೇ ಇತ್ತಂತೆ. ಅಕ್ಕನಿಗೆ ಗೊತ್ತಿತ್ತು, ಮದುವೆಯಾದರೆ ಸರಿಹೋಗುತ್ತೆ ಎಂದುಕೊಂಡಿದ್ದಳು. ರಕ್ತ ಪರೀಕ್ಷೆ, ಸ್ಕ್ಯಾನ್ ಆಯಿತು. ಪಿಸಿಓಎಸ್. ಹಾರ್ಮೋನುಗಳ ಏರುಪೇರಿನ ತೊಂದರೆ. ಗಂಡಿನಲ್ಲಿ ಹೆಚ್ಚಾಗಿರುವ ಹಾರ್ಮೋನು ಹೆಣ್ಣಿನ ಮೈಯಲ್ಲೂ ಸ್ವಲ್ಪ ಇರುತ್ತದೆ. ಅದು ಹೆಚ್ಚಾದಾಗ ಗದ್ದ, ಮೇಲ್ತುಟಿ, ಹೊಟ್ಟೆಯ ಮೇಲೆ ದಪ್ಪ ಕೂದಲು ಬರುತ್ತದೆ, ಮೊಡವೆ ಏಳುತ್ತದೆ, ಮುಟ್ಟು ತಪ್ಪುತ್ತದೆ. ನೋಡಿಕೊಳ್ಳದೆ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆಗೂ ದಾರಿ. ಒಳಗಿನ ಕಾರಣ ಹಾಗೇ ಇದ್ದರೆ ಮೇಲೆ ಎಷ್ಟು ಲೇಸರ್ ಹೊಡೆದರೂ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ.

ಹದಿನೈದು ಸಾವಿರ ಕಟ್ಟಿಸಿಕೊಂಡ ಜಾಗದಲ್ಲಿ ಈ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನನಗೆ ತಡೆಯಲಾಗದ ಸಂಕಟ ಇದೇ. ಸುಟ್ಟ ಕಲೆ ತಿಂಗಳುಗಳಲ್ಲಿ ಮಾಸುತ್ತದೆ. ಆ ಹುಡುಗಿಯ ಮೈ ಎರಡು ವರ್ಷದಿಂದ ಗದ್ದದ ಮೇಲೆ ಬರೆದು ಬರೆದು ಹೇಳುತ್ತಿತ್ತು. ಅದನ್ನು ಓದಲು ಬಾರದವರು ಅಳಿಸಲು ಹೊರಟರು.

ಹುಡುಗಿಯರು ಮುಖದ ಕೂದಲಿಗೆ ಯಾಕಿಷ್ಟು ಕೊರಗಬೇಕು, ಇದ್ದರೆ ಇರಲಿ ಬಿಡಿ ಎಂದು ಹೇಳುವವರಿದ್ದಾರೆ. ಬಸ್ಸಿನಲ್ಲಿ ‘ಏನೇ, ಮೀಸೆ’ ಎನಿಸಿಕೊಂಡವಳಿಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಕಸ್ತೂರಿ ಅರಿಶಿನ, ಕಡಲೆ ಹಿಟ್ಟು ತಿಕ್ಕುತ್ತಿದ್ದರು. ಆಸೆ ಹೊಸದಲ್ಲ. ಅವಳಿಗೆ ಲೇಸರ್ ಬೇಕಿದ್ದರೆ ಒಳ್ಳೆಯ ಲೇಸರ್ ಸಿಗಲಿ ಎಂಬುದು ನನ್ನ ವಾದ. ಇನ್ನೊಂದು ಮಾತು: 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ, ಅವರಿಗೆ ವಿಮೆಯಲ್ಲಿ ಸಿಗಬೇಕಾದ ಚಿಕಿತ್ಸೆಗಳಲ್ಲಿ ಲೇಸರನ್ನು ಹೆಸರಿಸಿ ಸೇರಿಸಿದೆ. ದಿನಾ ಬೆಳಿಗ್ಗೆ ಗಡ್ಡ ಕೆರೆದುಕೊಂಡು ಹೊರಗೆ ಬರಬೇಕಾದ ಒಬ್ಬ ಹೆಣ್ಣಿಗೆ ಇದು ಶೋಕಿಯಲ್ಲ ಎಂದು ದೇಶದ ಕಾನೂನೇ ಒಪ್ಪಿಕೊಂಡಿದೆ.

ನಮ್ಮ ಕಡೆಯವರಿಗೆ ವೈದ್ಯರು ದೂರವೂ ಇಲ್ಲ. ಯಡಿಯೂರು ದಾಟಿದರೆ ಬೆಳ್ಳೂರು ಕ್ರಾಸಿನ ಹತ್ತಿರ ಆದಿಚುಂಚನಗಿರಿ ಮೆಡಿಕಲ್ ಕಾಲೇಜು. ತುಮಕೂರಿನಲ್ಲಿ ಸಿದ್ಧಾರ್ಥ, ಶ್ರೀದೇವಿ ಮೆಡಿಕಲ್ ಕಾಲೇಜುಗಳು, ಜಿಲ್ಲಾ ಆಸ್ಪತ್ರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿಗೆ ದುಡ್ಡೂ ಬೇಡ. ದೂರ ಇರುವುದು ನಾಚಿಕೆಯದು. ಪಾರ್ಲರಿನ ಬಾಗಿಲು ದಾಟಲು ಯಾರಿಗೂ ಏನೂ ಹೇಳಬೇಕಿಲ್ಲ. ಆಸ್ಪತ್ರೆಯ ಚೀಟಿ ಮಾಡಿಸುವಾಗ ‘ಏನು ತೊಂದರೆ?’ ಎಂದು ಕೇಳುತ್ತಾರೆ, ಹಿಂದೆ ಸಾಲಿನಲ್ಲಿ ಊರಿನವರೇ ನಿಂತಿರುತ್ತಾರೆ.

ಜಿಲ್ಲಾಡಳಿತ ಮಾಡಬಹುದಾದ ಕೆಲಸಕ್ಕೆ ಹೊಸ ಕಾನೂನೇನೂ ಬೇಡ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಪ್ರಾಧಿಕಾರವಿದೆ, ಕ್ಲಿನಿಕ್‌ಗಳು ನೋಂದಣಿ ಪತ್ರ ಮತ್ತು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಲೇಸರ್ ಇಟ್ಟುಕೊಂಡ ಪ್ರತಿ ಜಾಗಕ್ಕೂ ಆರೋಗ್ಯಾಧಿಕಾರಿಗಳು ಒಮ್ಮೆ ಹೋಗಿ ಯಂತ್ರ ಯಾವುದು, ಹಿಡಿ ಹಿಡಿಯುವವರು ಯಾರು, ಮೇಲೆ ವೈದ್ಯರಿದ್ದಾರೆಯೇ ಎಂದು ಕೇಳಲಿ. ‘ಶಾಶ್ವತ ನಿವಾರಣೆ’ಯ ಬೋರ್ಡುಗಳನ್ನು ಇಳಿಸಲಿ. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ನಮ್ಮ ಹುಡುಗಿ ಸಹಿ ಹಾಕಿದ್ದು ಇಂಗ್ಲಿಷಿನ ಸಣ್ಣ ಅಕ್ಷರದ ಹಾಳೆಗೆ, ಅದರ ಪ್ರತಿಯನ್ನೂ ಕೊಡಲಿಲ್ಲ.

ಈಗ ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಸಂಜೆ ನಾಲೆ ಏರಿಯ ಮೇಲೆ ನಡೆಯುತ್ತಾಳೆ. ಕಲೆಗಳು ಒಂದಿಷ್ಟು ತಿಳಿಯಾಗಿವೆ. ಅವು ಪೂರ್ತಿ ಮಾಸಿ, ಮುಟ್ಟು ಹದಕ್ಕೆ ಬಂದ ಮೇಲೆ ಬೇಕಿದ್ದರೆ ಲೇಸರ್ ನೋಡೋಣ ಎಂದಿದ್ದಾರೆ ವೈದ್ಯೆ. ಕಟ್ಟಿದ ದುಡ್ಡಿಗೆ ಬಿಲ್ಲಿಲ್ಲ. ಪಾರ್ಲರಿನವರು ಕೊಟ್ಟ ಗುಲಾಬಿ ಬಣ್ಣದ ಕಾರ್ಡ್ ಇದೆ, ಅದರಲ್ಲಿ ಆರು ಮನೆ, ಎರಡಕ್ಕೆ ಪೆನ್ನಿನಲ್ಲಿ ಟಿಕ್. ಅಕ್ಕ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾಳೆ. ಫೋನಿನಲ್ಲಿ ಹಣ ಹೋದ ಮೆಸೇಜ್ ಇದೆ, ಮುಖದ ಫೋಟೋ ಇದೆ. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ ಎಂದು ಹೇಳಿದಾಗ ಬಾವ ಮೊದಲ ಸಲ ಬಾಯಿ ಬಿಟ್ಟರು: “ಹಂಗಾರೆ ಬರೀರಿ. ನಾನೂ ಬತ್ತೀನಿ.” ಬರುವ ಭಾನುವಾರ ಅಕ್ಕನ ಮನೆಯಲ್ಲಿ ಕೂತು ಬರೆಯುತ್ತೇವೆ.